ಬೆನ್ನ ಹಿಂದಿನ ಕೈಗಳು

ಗಂಡಸರ ಸರ್ಜರಿ ವಾರ್ಡಿನಲ್ಲಿ ಹಿರಿಯ ಸಿಸ್ಟರ್ ದೊಡ್ಡಕ್ಕನನ್ನು ಎರಡು ಕಡೆಯಿಂದ ನೋಡಬಹುದಿತ್ತು. ಅವರು ಯಾರ ಮಂಚದ ಬುಡದಲ್ಲಿ ನಿಂತಿರುತ್ತಾರೋ ಆ ರೋಗಿಗೆ ಕಾಣುವುದು ಮುಖ. ಅಗಲವಾದ, ಅವಸರವಿಲ್ಲದ ಮುಖ. ಈ ಬಸ್ಸು ಹೋದರೆ ಮುಂದಿನದು ಬರುತ್ತದೆ ಎಂದು ನಂಬಿದವರದು. ಎದುರು ಸಾಲಿನ ರೋಗಿಗೆ ಕಾಣುವುದು ಬೆನ್ನು, ಮತ್ತು ಬೆನ್ನ ಹಿಂದೆ ಕಟ್ಟಿಕೊಂಡ ಎರಡು ಕೈ. ಎಡಗೈ ಬಲಗೈಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿರುತ್ತಿತ್ತು, ಪೊಲೀಸಿನವನು ಜೇಬುಗಳ್ಳನನ್ನು ಹಿಡಿದಂತೆ.

ಯಾವಾಗಲೂ ಹಾಗೇನಲ್ಲ. ತಾವೇ ಕೆಲಸಕ್ಕೆ ಇಳಿದರೆ ಆ ಕೈಗಳನ್ನು ಕಣ್ಣಿನಲ್ಲಿ ಹಿಂಬಾಲಿಸುವುದೇ ಕಷ್ಟ. ಹಳೆಯ ಬ್ಯಾಂಡೇಜು ಬಿಚ್ಚಿದ್ದು ರೋಗಿಗೆ ತಿಳಿಯುವಷ್ಟರಲ್ಲಿ ಹೊಸದು ಕೂತಿರುತ್ತಿತ್ತು. ಕೈ ಹಿಂದಕ್ಕೆ ಹೋಗುವುದು ಕಲಿಯುವವರು ಮುಂದೆ ನಿಂತಾಗ ಮಾತ್ರ. ಆ ಆಸ್ಪತ್ರೆಯಲ್ಲಿ ನರ್ಸಿಂಗ್ ವಿದ್ಯಾರ್ಥಿಗಳನ್ನು ಒಬ್ಬೊಬ್ಬ ಹಿರಿಯ ಸಿಸ್ಟರ್ ಸುಪರ್ದಿಗೆ ಕೊಡುತ್ತಿದ್ದರು. ಉಳಿದ ಸಿಸ್ಟರುಗಳು ಮತ್ತೆ ಮತ್ತೆ ತೋರಿಸಿ ಕಲಿಸುತ್ತಿದ್ದರು. ದೊಡ್ಡಕ್ಕ ಒಂದು ಸಲ ತೋರಿಸಿ, ಆಮೇಲೆ ತಮ್ಮ ಕೈಗಳನ್ನು ಸೆರೆಗೆ ಹಾಕಿಬಿಡುತ್ತಿದ್ದರು.

“ಅಲ್ಲ ದೊಡ್ಡಕ್ಕ, ಏನ್ ತಪ್ಪು ಮಾಡಿದ್ವು ಪಾಪ ಆ ಕೈಗಳು?” ಎಂದು ಮೇಷ್ಟ್ರು ಒಮ್ಮೆ ಕೇಳಿದ್ದರು. ಮೆಟ್ಟಿಲಿನಿಂದ ಬಿದ್ದು ಕಾಲು ಮುರಿದುಕೊಂಡು, ಪ್ಲಾಸ್ಟರಿನ ಕಾಲನ್ನು ಮೇಲಕ್ಕೆ ತೂಗುಹಾಕಿಸಿಕೊಂಡು ಮಲಗಿದ್ದ ಅವರಿಗೆ ಇಡೀ ವಾರ್ಡೇ ಒಂದು ತರಗತಿ.

“ಬುದ್ಧಿ ಜಾಸ್ತಿ ಆಗಿದೆ ಮೇಷ್ಟ್ರೇ ಅವಕ್ಕೆ. ಕರೀದೇ ಇದ್ರೂ ಹೋಗ್ತಾವೆ,” ಎಂದಿದ್ದರು ದೊಡ್ಡಕ್ಕ.

ಹೀಗೆ ಕಲಿಯಲು ಬಂದ ಒಬ್ಬ ಹುಡುಗಿಯನ್ನು ಅವರಿಗೆ ಒಪ್ಪಿಸುವ ಹೊತ್ತಿಗೆ ಅವಳು ಒಮ್ಮೆ ಫೇಲಾಗಿದ್ದಳು.

ಆ ಫೇಲಿನ ಕಥೆ ಸಣ್ಣದು. ಕೊನೆಯ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ವಿದ್ಯಾರ್ಥಿನಿ ಒಬ್ಬ ರೋಗಿಯ ಗಾಯಕ್ಕೆ ಮೊದಲಿನಿಂದ ಕೊನೆಯವರೆಗೆ ತಾನೇ ಡ್ರೆಸ್ಸಿಂಗ್ ಮಾಡಬೇಕು. ಕಲಿಸಿದ ಸಿಸ್ಟರ್ ಹತ್ತಿರ ನಿಂತಿರುತ್ತಾರೆ, ಕಾಲೇಜಿನಿಂದ ಪರೀಕ್ಷಕಿ ಬರುತ್ತಾರೆ. ವಿದ್ಯಾರ್ಥಿನಿಯ ಕೆಲಸದ ಮಧ್ಯೆ ಸಿಸ್ಟರ್ ತಾವಾಗಿಯೇ ಕೈ ಹಾಕಿದರೆ ಫೇಲು. ಹುಡುಗಿ ಚಿಮಟದಲ್ಲಿ ಹತ್ತಿಯುಂಡೆ ಹಿಡಿದು, ಅದನ್ನು ಗಾಯಕ್ಕೆ ಮುಟ್ಟಿಸುವ ಮೊದಲು ಒಂದು ಕ್ಷಣ ತಡೆದಿದ್ದಳು, ಅಷ್ಟೆ. ಆಗಿನ ಅವಳ ಸಿಸ್ಟರ್, ತುಂಬ ಕರುಣೆಯ ಹೆಂಗಸು, “ಕೊಡಿಲ್ಲಿ ಪುಟ್ಟಿ” ಎಂದು ಚಿಮಟವನ್ನು ತೆಗೆದುಕೊಂಡುಬಿಟ್ಟರು. ತಾವೇನು ಮಾಡಿದೆವೆಂದು ಹೊಳೆದದ್ದು ತೆಗೆದುಕೊಂಡ ಮೇಲೆ. ಆಮೇಲೆ ಕಾರಿಡಾರಿನಲ್ಲಿ ನಿಂತು ಅವರೇ ಅತ್ತರು.

ಹುಡುಗಿ ಅಳಲಿಲ್ಲ. ಅವಳಿಗೆ ಅಭ್ಯಾಸವಿತ್ತು. ‘ಕೊಡಿಲ್ಲಿ’ ಎನ್ನುವುದು ಅವಳ ಮನೆಯ ಮಾತೃಭಾಷೆ.

ಅಮ್ಮ ಬಟ್ಟೆ ಹೊಲಿಯುತ್ತಿದ್ದಳು. ಮನೆಯ ಮುಂದಿನ ಕೋಣೆಯೇ ಅಂಗಡಿ: ಬೀದಿಗೆ ತೆರೆದ ಬಾಗಿಲು, ಬಾಗಿಲ ಬೆಳಕಿಗೆ ಮುಖ ಮಾಡಿದ ಯಂತ್ರ, ಗೋಡೆಯ ಮೊಳೆಗಳಲ್ಲಿ ನೇತಾಡುವ ಒಡೆಯರಿಲ್ಲದ ತೋಳುಗಳು. ಅಮ್ಮನ ಕೈ ಎಂಥದೆಂದರೆ, ಬೀದಿಯಲ್ಲಿ ಹೋಗುವ ಯಾರದೋ ಅಂಗಿಯಲ್ಲಿ ಸಡಿಲವಾದ ಗುಂಡಿ ಕಂಡರೂ ಅದಕ್ಕೆ ತುರಿಕೆ. ಅಂಥ ಕೈಯ ಅಳವಿನಲ್ಲಿ ಬೆಳೆದ ಮಗಳು ಯಾವ ಕೆಲಸದ ಕೊನೆಯನ್ನೂ ಕಂಡವಳಲ್ಲ. ತರಕಾರಿ ಹೆಚ್ಚಲು ಕೂತರೆ, “ಕೊಡಿಲ್ಲಿ, ಹೊತ್ತಾಗುತ್ತೆ.” ಸೂಜಿಗೆ ದಾರ ಪೋಣಿಸಹೋದರೆ, “ಕೊಡಿಲ್ಲಿ, ದಾರಾನೆಲ್ಲಾ ನುಂಗ್ತೀಯ.” ಜಡೆ ಹೆಣೆದುಕೊಳ್ಳುತ್ತಿದ್ದರೆ ತಲೆಯನ್ನೇ ಕೇಳಿ ಇಸಿದುಕೊಳ್ಳುವಂತೆ, “ಕೊಡಿಲ್ಲಿ.” ಸಿಟ್ಟಿನಿಂದ ಅಲ್ಲ, ಅಕ್ಕರೆಯಿಂದ, ಆದ್ದರಿಂದಲೇ ಅದಕ್ಕೆ ಎದುರಾಡುವಂತಿರಲಿಲ್ಲ. ಹೀಗೆ ಅರ್ಧರ್ಧ ಕೆಲಸಗಳ ನಡುವೆ ದೊಡ್ಡವಳಾದ ಹುಡುಗಿಗೆ ಮನೆಯಲ್ಲಿ ಬೆಣ್ಣೆಕೈ ಎಂಬ ಹೆಸರು ಅಂಟಿತು. ಹೆಸರು ಅಂಟಿದ ಮೇಲೆ ಲೋಟಗಳೂ ಅದಕ್ಕೆ ಮರ್ಯಾದೆ ಕೊಟ್ಟು ಬೀಳತೊಡಗಿದವು.

ಫೇಲಾದ ಸುದ್ದಿ ಕೇಳಿ ಅಮ್ಮ ಬೈಯಲಿಲ್ಲ. “ಹೋಗ್ಲಿ ಬಿಡೆ. ಇನ್ನೊಂದ್ ಸಲ ಕೂತ್ಕೊ. ಆಗ್ಲಿಲ್ವಾ, ಆಕಾಶ ಏನ್ ಕಳಚಿ ಬೀಳಲ್ಲ. ಗುಂಡಿ ಹಚ್ಚೋರು ನಂಗೂ ಬೇಕು,” ಎಂದು ಒಳಗಿನಿಂದ ಒಂದು ಸಣ್ಣ ಸ್ಟೂಲು ತಂದು ಯಂತ್ರದ ಪಕ್ಕದಲ್ಲಿ ಇಟ್ಟಳು. ಸ್ಟೂಲು ಅಲ್ಲೇ ಉಳಿಯಿತು. ಹುಡುಗಿ ಆಸ್ಪತ್ರೆಗೆ ಹೊರಡುವಾಗ, ಆಸ್ಪತ್ರೆಯಿಂದ ಬಂದಾಗ, ಅದು ನಾಲ್ಕು ಕಾಲೂರಿ ಕಾಯುತ್ತಿರುತ್ತಿತ್ತು. ಕಾಲೇಜಿನ ನಿಯಮದಲ್ಲಿ ಎರಡನೆಯ ಅವಕಾಶವೇ ಕೊನೆಯದು.

“ಮನೇಲಿ ಏನಂತಾರೆ ನಿನ್ನ?” ಎಂದು ಮೊದಲ ದಿನ ದೊಡ್ಡಕ್ಕ ಕೇಳಿದರು.

“ಬೆಣ್ಣೆಕೈ.”

ದೊಡ್ಡಕ್ಕ ಅವಳ ಕೈಗಳನ್ನು ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದರು, ತರಕಾರಿಯವಳ ಎದುರು ಬದನೆಕಾಯಿ ನೋಡುವಂತೆ. “ಬೆಣ್ಣೆ ಎಲ್ಲೂ ಕಾಣ್ತಿಲ್ವಲ್ಲ. ಹೋಗಿ ತೊಳ್ಕೊಂಡ್ ಬಾ.”

ಮೊದಲ ಡ್ರೆಸ್ಸಿಂಗ್ ಮೇಷ್ಟ್ರದು. ಬಿದ್ದಾಗ ಅವರ ಮೊಣಕೈಯೂ ತರಚಿತ್ತು. ಹುಡುಗಿ ಹತ್ತಿಯುಂಡೆಯನ್ನು ಸಲೈನಿನಲ್ಲಿ ಅದ್ದಿ, ಹಿಂಡಿ, ಗಾಯದ ಹತ್ತಿರ ತಂದು, ನಿಲ್ಲಿಸಿದಳು. ಅವಳ ಮೈ ಆ ಮಾತಿಗೆ ಕಾಯುತ್ತಿತ್ತು. ಕೊಡಿಲ್ಲಿ.

ಯಾರೂ ಏನೂ ಅನ್ನಲಿಲ್ಲ. ಫ್ಯಾನು ಒಂದು ಸುತ್ತಿಗೊಮ್ಮೆ ಕಿರುಗುಟ್ಟುತ್ತಿತ್ತು. ತಲೆ ಎತ್ತಿದರೆ ಮಂಚದ ಬುಡದಲ್ಲಿ ಆ ಅಗಲ ಮುಖ, ಕೈಗಳು ಮಾಯ.

“ಏನ್ ಕಾಣ್ತಿದೆ?” ಎಂದರು ದೊಡ್ಡಕ್ಕ.

“ಗಾಯ.”

“ಗಾಯ ನಂಗೂ ಕಾಣ್ತಿದೆ. ಮೇಷ್ಟ್ರಿಗೂ ಕಾಣ್ತಿದೆ. ಗಾಯದಲ್ಲಿ ಏನ್ ಕಾಣ್ತಿದೆ?”

“ಅಂಚು ಒಣಗಿದೆ. ಮಧ್ಯ ಇನ್ನೂ ಹಸಿ.”

“ಹಾಗಾದ್ರೆ?”

“ಮಧ್ಯದಿಂದ ಹೊರಗಡೆಗೆ ಒರೆಸ್ಬೇಕು.”

“ಒರೆಸು ಮತ್ತೆ. ಹೀಗೇ ನೋಡ್ತಾ ನಿಂತ್ರೆ ಗಾಯ ವಾಸಿಯಾಗಿ ಮನೆಗೆ ಹೋಗ್ಬಿಡುತ್ತೆ.”

ಮೇಷ್ಟ್ರು ಹೊಟ್ಟೆ ಕುಣಿಸಿ ನಕ್ಕರು, ಮೊಣಕೈ ಅಲ್ಲಾಡಿತು, ಹುಡುಗಿಯ ಚಿಮಟದಿಂದ ಉಂಡೆ ಜಾರಿ ನೆಲಕ್ಕೆ ಬಿತ್ತು. ಅವಳು ಕಣ್ಣು ಮುಚ್ಚಿಕೊಂಡಳು. ಆಗಲೂ ಯಾವ ಕೈಯೂ ಬರಲಿಲ್ಲ.

“ಬಿದ್ದಿದ್ದು ಬಿತ್ತು. ಅದಕ್ಕೇನ್ ಶೋಕ ಮಾಡ್ತೀಯ, ಬೇರೆ ತಗೋ,” ಎಂದಿತು ಮುಖ.

ಆ ಡ್ರೆಸ್ಸಿಂಗ್ ಮುಗಿಯುವಷ್ಟರಲ್ಲಿ ಮೇಷ್ಟ್ರ ಚಹಾ ಆರಿ ಕೆನೆ ಕಟ್ಟಿತ್ತು. ಬ್ಯಾಂಡೇಜು ಒಂದು ಕಡೆ ಉಬ್ಬಿತ್ತು, ಇನ್ನೊಂದು ಕಡೆ ಸೊಟ್ಟ. ದೊಡ್ಡಕ್ಕ ಬಗ್ಗಿ ನೋಡಿ, “ಚೆಂದ ಇಲ್ಲ,” ಎಂದರು. “ಆದ್ರೆ ಚೊಕ್ಕಟ ಇದೆ. ಚೆಂದ ತಾನಾಗೇ ಬರುತ್ತೆ, ಅದಕ್ಕೇನ್ ಅವಸರ?” ಹುಡುಗಿ ಆ ಸೊಟ್ಟ ಬ್ಯಾಂಡೇಜನ್ನು ತಿರುತಿರುಗಿ ನೋಡಿದಳು. ಅದರ ಎರಡು ತುದಿಗಳೂ ಅವಳವೇ ಆಗಿದ್ದವು.

ದೊಡ್ಡಕ್ಕನಿಗೆ ಇದು ಸುಲಭವೆಂದು ಅವಳು ಮೊದಲು ತಿಳಿದಿದ್ದಳು. ಸುಮ್ಮನೆ ನಿಲ್ಲುವುದು ತಾನೆ? ಆ ತಪ್ಪು ತಿಳಿವಳಿಕೆಯನ್ನು ತಿದ್ದಿದವರು ಮೇಷ್ಟ್ರು. ಅವಳು ಎದುರು ಸಾಲಿನ ಒಬ್ಬರಿಗೆ ಬ್ಯಾಂಡೇಜು ಸುತ್ತಿ ಬಂದಾಗ ಬೆರಳಾಡಿಸಿ ಹತ್ತಿರ ಕರೆದರು.

“ಇಲ್ಲಿ ಬಾಮ್ಮ. ಒಂದ್ ಗುಟ್ಟು ಹೇಳ್ತೀನಿ. ನೀನು ಅಲ್ಲಿ ಮುಂದೆ ಕೆಲಸ ಮಾಡ್ತಿದ್ಯಲ್ಲ, ನಿಮ್ಮ ದೊಡ್ಡಕ್ಕ ಹಿಂದೆ ಅದನ್ನೇ ಮಾಡ್ತಿರ್ತಾರೆ.”

“ಏನನ್ನ?”

“ಬ್ಯಾಂಡೇಜು ಸುತ್ತೋದನ್ನ. ಬರೀ ಗಾಳಿಗೆ! ನಾನು ದಿನಾ ನೋಡ್ತೀನಿ. ಬೇರೆ ಏನಿದೆ ನಂಗೆ ನೋಡೋಕೆ, ಸೂರು ಬಿಟ್ರೆ?”

ಮರುದಿನ ಅವಳಿಗೇ ಕಂಡಿತು. ದೊಡ್ಡಕ್ಕ ನಿಂತ ಜಾಗದ ಹಿಂದೆ ಔಷಧಿಯ ಬೀರು, ಬೀರುವಿಗೆ ಗಾಜಿನ ಬಾಗಿಲು. ಗಾಜಿನಲ್ಲಿ ಆ ಬಲಗೈ. ಮಣಿಕಟ್ಟು ಎಡಗೈಯ ಹಿಡಿತದಲ್ಲಿ ಅಲುಗದೆ ಕೂತಿದೆ, ಬೆರಳುಗಳು ಮಾತ್ರ ಬದುಕಿವೆ. ಹೆಬ್ಬೆರಳು ತೋರುಬೆರಳು ಕೂಡಿ ಇಲ್ಲದ ಚಿಮಟವನ್ನು ಹಿಡಿಯುತ್ತಿವೆ, ಇಲ್ಲದ ಹತ್ತಿಯನ್ನು ಹಿಂಡುತ್ತಿವೆ, ಇಲ್ಲದ ಬಟ್ಟೆಯ ಮೂಲೆಯನ್ನು ಮಡಿಸಿ ನವಿರಾಗಿ ಒತ್ತುತ್ತಿವೆ. ಅವಳಿಗಿಂತ ಅರ್ಧ ಉಸಿರು ಮುಂದೆ. ಅವಳು ಸರಿಯಾಗಿ ಹೋದರೆ ಬೆರಳುಗಳು ನೀರಿನಂತೆ ಹರಿಯುತ್ತಿದ್ದವು. ತಪ್ಪಿದರೆ ಸೆಟೆದು ನಿಲ್ಲುತ್ತಿದ್ದವು. ಎಡಗೈ ಇನ್ನಷ್ಟು ಬಿಗಿಯುತ್ತಿತ್ತು. ಮುಂದೆ ಮುಖ ಮಾತ್ರ ಬಸ್ಸಿಗೆ ಕಾಯುತ್ತಿತ್ತು.

ಹುಡುಗಿ ಲೆಕ್ಕ ಹಾಕಿದಳು. ತನ್ನ ಒಂದೊಂದು ಸೊಟ್ಟ ಬ್ಯಾಂಡೇಜಿನ ಹಿಂದೆಯೂ ಯಾರೂ ಕಾಣದ ಒಂದು ನೆಟ್ಟಗಿನ ಬ್ಯಾಂಡೇಜು ಇತ್ತು ಎಂದಾಯಿತು. ಬಲ್ಲ ಕೈಯನ್ನು ಕಟ್ಟಿಹಾಕಿ, ಬಾರದ ಕೈಯನ್ನು ನೋಡುತ್ತ ನಿಲ್ಲುವುದು. ಅಮ್ಮನಿಂದ ಅದು ಒಂದು ಬೀನ್ಸು ಹೆಚ್ಚುವಷ್ಟು ಹೊತ್ತೂ ಆಗದು.

ಗೊತ್ತಾದ ಮೇಲೆ ಅವಳ ಕಣ್ಣು ಗಾಯ ಬಿಟ್ಟು ಗಾಜಿಗೆ ಹೋಗತೊಡಗಿತು. ಬೆರಳು ಸೆಟೆದರೆ ಕೈ ತಡೆದರಾಯಿತು, ಹರಿದರೆ ಮುಂದುವರಿದರಾಯಿತು! ಈ ಸುಖ ಎರಡು ಡ್ರೆಸ್ಸಿಂಗಿನವರೆಗೂ ಬಾಳಲಿಲ್ಲ. “ಕನ್ನಡಿ ನೋಡ್ಕೊಳ್ಳೋದು ಮನೇಲಿ,” ಎಂದು ದೊಡ್ಡಕ್ಕ ಜಾಗ ಬದಲಿಸಿ, ಬೆನ್ನನ್ನು ಪರದೆಗೆ ಕೊಟ್ಟು ನಿಂತರು.

ಕೈ ಪಳಗಿತು. ಬ್ಯಾಂಡೇಜುಗಳ ಸೊಟ್ಟ ಕಡಿಮೆಯಾಯಿತು. ಮನೆಯಲ್ಲಿ ಲೋಟಗಳು ಬೀಳುವುದನ್ನು ಮರೆತವು. ಅವಳ ನಿಜವಾದ ತಪ್ಪು ಬಂದದ್ದು ಇದೆಲ್ಲ ಆದ ಮೇಲೆ, ಲಾರಿ ಡ್ರೈವರನ ರೂಪದಲ್ಲಿ.

ಡ್ರೈವರ್ ಹೊಟ್ಟೆಯ ಆಪರೇಷನ್ ಆಗಿ ಬಂದವನು. ಭಾರೀ ಆಳು, ಮಂಚವೇ ಅವನಿಗೆ ಅಂಗಿಯಂತೆ ಬಿಗಿಯಾಗಿತ್ತು. ಅವನನ್ನು ಮೊದಲ ಸಲ ಮಂಚದಿಂದ ಕುರ್ಚಿಗೆ ಕೂರಿಸಬೇಕಿತ್ತು. ದೊಡ್ಡಕ್ಕ ಎಂದಿನಂತೆ ಬುಡದಲ್ಲಿ ನಿಂತಿದ್ದರು. ಹುಡುಗಿ ಅವನ ಕಂಕುಳಿಗೆ ತೋಳು ಕೊಟ್ಟಳು.

“ನೀನೊಬ್ಳೇನಾಮ್ಮ?” ಎಂದ ಡ್ರೈವರ್. “ನನ್ನಂಥ ಲೋಡಿಗೆ ನಾನು ಇಬ್ರು ಕ್ಲೀನರ್ ಇಲ್ದೆ ಕೈ ಹಚ್ಚಲ್ಲ.”

“ಏಳಿ ಅಣ್ಣ, ನಾನಿದ್ದೀನಿ,” ಎಂದಳು.

ಎದ್ದ. ಅರ್ಧ ದಾರಿಯಲ್ಲಿ ಅವನ ಮೊಣಕಾಲು ಕುಸಿಯಿತು. ಹುಡುಗಿ ಹಲ್ಲು ಕಚ್ಚಿ ಹಿಡಿದಳು. ಸೊಂಟದಲ್ಲಿ ಚಳುಕು ಹೊಡೆಯಿತು, ಕಾಲು ಜಾರುತ್ತಿತ್ತು, ಕುರ್ಚಿ ಹಿಂದೆ ಸರಿಯುತ್ತಿತ್ತು. ಆದರೂ ಅವಳ ಬಾಯಿಂದ ಒಂದು ಮಾತು ಹೊರಡಲಿಲ್ಲ. ಮರುಕ್ಷಣ ಡ್ರೈವರನ ಇನ್ನೊಂದು ಬದಿಗೆ ದೊಡ್ಡಕ್ಕನ ತೋಳುಗಳಿದ್ದವು. ಅವು ಯಾವಾಗ ಬಂದವೋ. ಅವನು ಕುರ್ಚಿಯಲ್ಲಿ ಕೂತು, ಮುಖ ಒರೆಸಿಕೊಂಡು, “ಪಾರ್ಕಿಂಗ್ ಆಯ್ತು,” ಎಂದ.

ಕೈ ತೊಳೆಯುವ ತೊಟ್ಟಿಯ ಹತ್ತಿರ ದೊಡ್ಡಕ್ಕ ನಲ್ಲಿ ತಿರುಗಿಸಿದರು. ದನಿ ಏರಲಿಲ್ಲ. “ಯಾಕೆ ಕರೀಲಿಲ್ಲ?”

“ನೀವು ಕೈ ಹಿಂದೆ ಇಟ್ಕೊಂಡಿದ್ರಲ್ಲ.”

“ಹಿಂದೆ ಇಟ್ಕೊಂಡಿದ್ದೆ ಕಣೆ. ಕಡಿದ್ ಹಾಕಿರ್ಲಿಲ್ಲ.”

ದೊಡ್ಡಕ್ಕ ಕೈಗೆ ಸೋಪು ಉಜ್ಜಿಕೊಂಡರು.

“ಅವನು ಬಿದ್ದಿದ್ರೆ? ನಿನ್ನ ಪಾಸು ತಗೊಂಡು ಅವನ ತಲೆ ಕೆಳಗೆ ದಿಂಬು ಮಾಡಿ ಇಡ್ತಿದ್ಯಾ?”

ಅವರು ಕೈ ಒರೆಸಿಕೊಂಡು ಹೋದರು. ಹುಡುಗಿ ನಲ್ಲಿಯ ಕೆಳಗೆ ಕೈ ಹಿಡಿದುಕೊಂಡೇ ನಿಂತಳು. ಇದು ಬೆಣ್ಣೆಕೈಯ ತಪ್ಪಲ್ಲ. ಬೆಣ್ಣೆಕೈಯಾಗಿದ್ದರೆ ಎಲ್ಲಿಯೋ ಬಿಟ್ಟುಬಿಡುತ್ತಿದ್ದಳು. ಇಷ್ಟು ಕಾಲ ಕೆಲಸವನ್ನು ಯಾರು ಕಿತ್ತುಕೊಳ್ಳುತ್ತಾರೋ ಎಂದು ಹೆದರಿದ್ದವಳು, ಸಿಕ್ಕ ಮೇಲೆ ಯಾರೂ ಮುಟ್ಟದಂತೆ ಮುಷ್ಟಿ ಬಿಗಿದಿದ್ದಳು. ಆ ಮುಷ್ಟಿಯೊಳಗೆ ಒಬ್ಬ ಮನುಷ್ಯನಿದ್ದ.

ಪರೀಕ್ಷೆಯ ಬೆಳಿಗ್ಗೆ ಅವಳು ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದಾಗ ಅಮ್ಮ, “ಕೊಡಿಲ್ಲಿ,” ಎಂದಳು. ಹುಡುಗಿ ಕೊಟ್ಟಳು. ಇವತ್ತು ಜಗಳಕ್ಕೆ ಪುರುಸೊತ್ತಿರಲಿಲ್ಲ. ಅಮ್ಮ ಗೆರೆ ಮೂಡುವಂತೆ ತೀಡಿ, ಕಾಲರಿನ ತುದಿಯನ್ನು ಉಗುರಿನಿಂದ ಚೂಪು ಮಾಡಿ, “ಭಯ ಬೀಳ್ಬೇಡ,” ಎಂದು ಬಾಗಿಲವರೆಗೆ ಬಂದಳು. ಬರುವಾಗ ಕಾಲಿಗೆ ಸ್ಟೂಲು ತಗುಲಿತು. ಇಬ್ಬರೂ ಅದರ ಕಡೆ ನೋಡಲಿಲ್ಲ.

ಪರೀಕ್ಷಕಿಯನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು. ಕೊರಳಿಗೆ ದಾರ ಕಟ್ಟಿದ ಕನ್ನಡಕ, ಕೈಯಲ್ಲೊಂದು ಪೆನ್ಸಿಲು. ಅದರಿಂದ ಅವರು ಬರೆಯುವುದು ಕಡಿಮೆ, ಮಂಚದ ಕಂಬಿಯ ಮೇಲೆ ಟಕಟಕ ಬಡಿಯುವುದು ಹೆಚ್ಚು. ರೋಗಿ ಬೇರೆ ಯಾರೂ ಅಲ್ಲ, ಡ್ರೈವರ್. ಹೊಟ್ಟೆಯ ಹೊಲಿಗೆಗೆ ಹೊಸ ಡ್ರೆಸ್ಸಿಂಗ್ ಹಾಕಬೇಕು, ಸರ್ಜನ್ ಒಪ್ಪಿದರೆ ಅವನು ಬೇಗ ಮನೆಗೆ.

ಹುಡುಗಿ ಮಂಚದ ಸುತ್ತ ಪರದೆ ಎಳೆದಳು. ಪರದೆ ಬುಡದಲ್ಲಿ ಪೂರ್ತಿ ಕೂಡುತ್ತಿರಲಿಲ್ಲ. ಆ ಸಂದಿಯಲ್ಲಿ ದೊಡ್ಡಕ್ಕ ಬಾಗಿಲಿನಂತೆ ನಿಂತರು. ಮುಖ ಒಳಗೆ, ಬೆನ್ನು ಹೊರಗೆ. ಹೊರಗೆ ಎದುರು ಸಾಲಿನಲ್ಲಿ ಮೇಷ್ಟ್ರು.

“ಸುರು ಮಾಡಮ್ಮ,” ಎಂದರು ಮೇಡಂ. ಟಕ್ ಟಕ್.

ಕೈ ತೊಳೆದದ್ದು, ಟ್ರಾಲಿ ಜೋಡಿಸಿದ್ದು, ಡ್ರೈವರನಿಗೆ ಏನು ಮಾಡುತ್ತೇನೆಂದು ಹೇಳಿದ್ದು ಎಲ್ಲ ಸರಿಯಾಯಿತು. ಹಳೆಯ ಪಟ್ಟಿಯನ್ನು ಬಿಚ್ಚಿ, ಹೊಸ ಗ್ಲೌಸು ತೊಟ್ಟು, ಶುದ್ಧವಾದ ಬಟ್ಟೆಯ ತುಂಡನ್ನು ಎತ್ತಿಕೊಂಡವಳು ನಿಂತಳು.

ಟಕ್ ಟಕ್. “ಯಾಕಮ್ಮ ನಿಲ್ಲಿಸ್ದೆ?”

ಕಳೆದ ಸಲ ಅವಳು ನಿಂತದ್ದು ಹೀಗೇ, ಇದೇ ಹಂತದಲ್ಲಿ. ಹೊರಗಿನಿಂದ ನೋಡುವವರಿಗೆ ವ್ಯತ್ಯಾಸ ತಿಳಿಯುವಂತಿರಲಿಲ್ಲ. ಆದರೆ ಈ ಸಲ ಅವಳು ಯಾರ ಮಾತಿಗೂ ಕಾಯುತ್ತಿರಲಿಲ್ಲ. ಅವಳು ನೋಡುತ್ತಿದ್ದಳು. ಬಿಚ್ಚಿದ ಪಟ್ಟಿ ಒದ್ದೆಯಾಗಿತ್ತು. ರಕ್ತವಲ್ಲ, ಕೀವಲ್ಲ, ಕೆಂಪು ಬಟ್ಟೆ ಜಾಲಿಸಿದ ಎರಡನೆಯ ನೀರಿನ ಬಣ್ಣ. ನಿನ್ನೆ ಅದು ಒಣಗಿತ್ತು.

“ಪಟ್ಟಿ ಒದ್ದೆ ಇದೆ ಮೇಡಂ. ಇರ್ಬಾರ್ದು,” ಎಂದು ಹೇಳಿ ಡ್ರೈವರನ ಕಡೆ ತಿರುಗಿದಳು. “ಅಣ್ಣ, ಬೆಳಿಗ್ಗೆಯಿಂದ ಏನಾದ್ರೂ ಆಯ್ತಾ? ಕೆಮ್ಮು ಗಿಮ್ಮು?”

ಡ್ರೈವರ್ ಸೂರು ನೋಡಿದ. “ಒಂದ್ಸಲ ಕೆಮ್ಮಿದೆ. ಒಳಗೆ ಏನೋ ಪಟ್ ಅಂದಂಗಾಯ್ತು. ಹೇಳಿದ್ರೆ ಮನೆಗೆ ಬಿಡಲ್ಲ ಅಂತ...”

ಮಾತು ಮುಗಿಯಲಿಲ್ಲ. ಕೆಮ್ಮು ತಡೆಯಲು ಅವನು ಬಾಯಿ ಮುಚ್ಚಿದ, ಅದು ಮುಚ್ಚಿದ ಬಾಯೊಳಗೇ ಸಿಡಿಯಿತು. ಹೊಲಿಗೆಯ ನಡುಭಾಗ ನಿದ್ದೆಯಲ್ಲಿ ತುಟಿ ತೆರೆದಂತೆ ಮೆಲ್ಲಗೆ ತೆರೆದುಕೊಂಡಿತು. ಒಳಗೆ ಹೊಳೆಯುವಂಥದೇನೋ ಕಂಡಿತು, ಎಂದೂ ಬೆಳಕು ನೋಡಬಾರದಂಥದು.

ಹುಡುಗಿಯ ಕೈ ಅವಳಿಗಿಂತ ಮೊದಲು ಹೋಯಿತು. ಶುದ್ಧ ಬಟ್ಟೆಯನ್ನು ಗಾಯದ ಮೇಲೆ ಹಗುರಾಗಿ ಹರಡಿ, ಎರಡೂ ಅಂಗೈಗಳನ್ನು ಮೇಲಿಟ್ಟಳು. ಒತ್ತಲಿಲ್ಲ, ಬಿಡಲೂ ಇಲ್ಲ. ಈಗ ಒಣ ಬಟ್ಟೆ ಸಾಲದು, ನೆನೆಸಿದ್ದು ಬೇಕು. ಅವನ ಮೊಣಕಾಲು ಮಡಿಸಿ ಹೊಟ್ಟೆಯ ಬಿಗಿ ಇಳಿಸಬೇಕು. ಸರ್ಜನ್ ಬರಬೇಕು. ಅವಳ ಎರಡು ಕೈಗಳು ಇಲ್ಲಿಂದ ಕದಲುವಂತಿಲ್ಲ. ಮೂರನೆಯದು ಇಲ್ಲ.

ಮಂಚದ ಬುಡದಲ್ಲಿ ದೊಡ್ಡಕ್ಕನ ಭುಜಗಳು ಒಮ್ಮೆ ನಡುಗಿದ್ದು ಕಂಡಿತು. ಮುಖವೂ ಬದಲಾಗಿತ್ತು. ಆ ಮುಖದಲ್ಲಿ ಈಗ ಬಸ್ಸು ಬಂದಿತ್ತು.

“ದೊಡ್ಡಕ್ಕ,” ಎಂದಳು ಹುಡುಗಿ. “ಎಡಗಡೆ ಬನ್ನಿ. ದೊಡ್ಡ ಪಟ್ಟಿ ಬಿಚ್ಚಿ ಸಲೈನಲ್ಲಿ ನೆನೆಸ್ಕೊಡಿ.”

ದೊಡ್ಡಕ್ಕ ಆಗಲೇ ಎಡಗಡೆ ಇದ್ದರು. ಪೊಟ್ಟಣ ಹರಿದ ಸದ್ದಾಯಿತು. ಆಮೇಲೆ, ಆ ವಾರ್ಡಿನಲ್ಲಿ ಅದುವರೆಗೆ ಎಷ್ಟೋ ಹುಡುಗಿಯರನ್ನು ನರ್ಸುಗಳನ್ನಾಗಿ ಮಾಡಿದ ಆ ಹೆಂಗಸು, ಪಟ್ಟಿಯನ್ನು ಬಟ್ಟಲಿನ ಮೇಲೆ ಹಿಡಿದು ಕೇಳಿದರು: “ಎಷ್ಟು ನೆನೀಬೇಕು, ಸಿಸ್ಟರ್?”

ಅಣಕವಿರಲಿಲ್ಲ ಆ ದನಿಯಲ್ಲಿ. ಕೆಲಸ ಮಾಡುವವರನ್ನು ಕೆಲಸ ಕೇಳುವ ದನಿ ಅದು.

“ಚೆನ್ನಾಗಿ. ತೊಟ್ಟಿಕ್ಕಬಾರ್ದು ಅಷ್ಟೆ.” ಪಟ್ಟಿ ಬಂತು, ಕೂತಿತು. “ಅಣ್ಣನ ಕಾಲು ಮಡಿಸಿ. ಕೆಳಗೆ ದಿಂಬು ಕೊಡಿ. ಮೇಡಂ, ಬಾಗಿಲ ಪಕ್ಕ ಫೋನಿದೆ. ಸರ್ಜನ್ ಕರೀರಿ. ಹೊಟ್ಟೆ ಹೊಲಿಗೆ ಬಿಟ್ಟಿದೆ ಅನ್ನಿ.”

“ನಾನಾ?” ಎಂದರು ಮೇಡಂ.

“ಬೇಗ ಮೇಡಂ.”

ಪೆನ್ಸಿಲು ನೆಲಕ್ಕೆ ಬಿದ್ದು ಮಂಚದ ಕೆಳಗೆ ಉರುಳಿತು. ಮೇಡಂ ಓಡಿದ ಚಪ್ಪಲಿಯ ಸದ್ದು ವಾರ್ಡಿನ ಉದ್ದಕ್ಕೂ ಕೇಳಿಸಿತು.

ಡ್ರೈವರನ ಹಣೆಯ ಮೇಲೆ ಬೆವರು ಹನಿಗಟ್ಟಿತ್ತು. “ಏನಾಯ್ತಮ್ಮ? ನೋಡ್ಲಾ?”

“ಅಲ್ಲಿ ನೋಡ್ಬೇಡಿ, ನನ್ನ ಮುಖ ನೋಡಿ. ಮೇಲಿನ ಹೊಲಿಗೆ ಸ್ವಲ್ಪ ಬಿಟ್ಟಿದೆ. ಡಾಕ್ಟರ್ ಮತ್ತೆ ಹಾಕ್ತಾರೆ. ಅಲ್ಲೀವರೆಗೂ ನಾನು ಕೈ ತೆಗೆಯಲ್ಲ. ನೀವೊಂದ್ ಕೆಲಸ ಮಾಡಿ, ಕೆಮ್ಮಿಗೆ ಬ್ರೇಕ್ ಹಾಕ್ಕೊಂಡಿರಿ.”

“ಹಾಕಿದ್ದೀನಿ,” ಎಂದ ಅವನು, ಹಲ್ಲಿನ ಸಂದಿಯಿಂದ. “ಹ್ಯಾಂಡ್‌ಬ್ರೇಕೂ ಎಳೆದಿದ್ದೀನಿ.”

ಸರ್ಜನ್ ಬಂದರು, ಪಟ್ಟಿಯ ಅಂಚನ್ನು ಎತ್ತಿ ನೋಡಿದರು, “ಹೀಗೇ ಇರ್ಲಿ, ಹೀಗೇ ಥಿಯೇಟರಿಗೆ,” ಎಂದರು. ಮಂಚದ ಚಕ್ರಗಳ ಬೀಗ ತೆಗೆದರು. ಹುಡುಗಿ ಅಂಗೈಗಳನ್ನು ಎತ್ತದೆ ಮಂಚದ ಜೊತೆಗೇ ನಡೆದು, ಥಿಯೇಟರಿನ ಬಾಗಿಲಲ್ಲಿ ಆ ಜಾಗವನ್ನು ಇನ್ನೊಂದು ಜೊತೆ ಗ್ಲೌಸಿನ ಕೈಗಳಿಗೆ ಒಪ್ಪಿಸಿ, ಹಿಂದಿರುಗಿದಳು.

ಮಂಚವಿದ್ದ ಜಾಗ ಖಾಲಿ ಚೌಕವಾಗಿತ್ತು. ಚೌಕದಲ್ಲಿ ಮೇಡಂ, ದೊಡ್ಡಕ್ಕ, ಒಂದು ಪೆನ್ಸಿಲು. ಮೇಡಂ ಬಗ್ಗಿ ಅದನ್ನು ಎತ್ತಿಕೊಂಡರು. ಬಡಿಯಲು ಕಂಬಿ ಇರಲಿಲ್ಲ.

“ಪರೀಕ್ಷೆ ಮಧ್ಯದಲ್ಲಿ ಸಿಸ್ಟರ್ ಕೈ ಬಂತು,” ಎಂದರು ಮೇಡಂ. ಕಟುವಾಗಿ ಅಲ್ಲ; ಲೆಕ್ಕ ಒಪ್ಪಿಸುವವರಂತೆ. “ನಿಯಮ ನಿಮಗೂ ಗೊತ್ತು.”

“ಕರೆದ್ರು. ಬಂದೆ,” ಎಂದರು ದೊಡ್ಡಕ್ಕ.

“ಕರೆಯೋಕೆ ಮುಂಚೆ ಬಂತೋ, ಕರೆದ ಮೇಲೆ ಬಂತೋ? ನಾನು ಗಾಯ ನೋಡ್ತಿದ್ದೆ. ನಿಮ್ಮ ಕೈ ನೋಡ್ಲಿಲ್ಲ.”

ಹುಡುಗಿಗೂ ಅದು ಗೊತ್ತಿರಲಿಲ್ಲ. ಅವಳು ಕಂಡದ್ದು ಭುಜಗಳನ್ನು ಮಾತ್ರ. ದೊಡ್ಡಕ್ಕ ತಮ್ಮ ಪರವಾಗಿ ತಾವೇ ಸಾಕ್ಷಿ ಹೇಳುವ ಜಾತಿಯವರಲ್ಲ.

“ನಾನ್ ನೋಡಿದೆ,” ಎಂದಿತು ಎದುರು ಸಾಲಿನಿಂದ ಒಂದು ದನಿ. ಮೇಷ್ಟ್ರು ತೂಗುಹಾಕಿದ ಕಾಲಿನ ಬದಿಯಿಂದ ತಲೆ ಹೊರಳಿಸಿದ್ದರು. “ಬೆನ್ನಿನ ಕಡೆಯ ಉಸ್ತುವಾರಿ ನಂದು ಮೇಡಂ. ಆ ಬಲಗೈ ಇದೆಯಲ್ಲ, ಹಗ್ಗ ಕಿತ್ಕೊಳ್ಳೋ ಕರು ಥರ ಒದ್ದಾಡ್ತು. ಎಡಗೈ ಬಿಡ್ಲಿಲ್ಲ. ಈ ಮಗು ‘ದೊಡ್ಡಕ್ಕ’ ಅಂದ್ಮೇಲೆ ಬಿಡ್ತು. ಬೇಕಾದ್ರೆ ಮಣಿಕಟ್ಟು ನೋಡಿ.”

ಮೇಡಂ ನೋಡಿದರು. ಹುಡುಗಿಯೂ ನೋಡಿದಳು. ದೊಡ್ಡಕ್ಕನ ಬಲ ಮಣಿಕಟ್ಟಿನ ಮೇಲೆ ಉಗುರುಗಳ ಸಾಲು, ಸಣ್ಣ ಸಣ್ಣ ಚಂದ್ರಗಳು, ಒಂದರಲ್ಲಿ ರಕ್ತ ಜಿನುಗಿತ್ತು.

ಮೇಡಂ ಕನ್ನಡಕ ತೆಗೆದು ದಾರಕ್ಕೆ ಬಿಟ್ಟರು. “ನನ್ನನ್ನೂ ಕರೆದ್ಲು,” ಎಂದರು ಕೊನೆಗೆ. “ನಾನೂ ಹೋದೆ. ಎಷ್ಟೋ ವರ್ಷ ಆಗಿತ್ತು ವಾರ್ಡಲ್ಲಿ ಯಾರಾದ್ರೂ ನಂಗೆ ಓಡು ಅಂದು.” ಹುಡುಗಿಯ ಕಡೆ ತಿರುಗಿದರು. “ಪಾಸು. ಹೋಗಿ ನೀರು ಕುಡಿ, ಬಿದ್ದುಗಿದ್ದೀಯ.”

ತೊಟ್ಟಿಯ ಹತ್ತಿರ ದೊಡ್ಡಕ್ಕ ಮಣಿಕಟ್ಟಿಗೆ ನೀರು ಹಾಕಿಕೊಳ್ಳುತ್ತಿದ್ದರು. ಹುಡುಗಿ ಹತ್ತಿಯೂ ಔಷಧಿಯೂ ತಂದಳು.

“ಇನ್ನೊಂದು ಉಸಿರು ತಡ ಮಾಡಿದ್ರೆ ನಾನೇ ಬರ್ತಿದ್ದೆ,” ಎಂದರು ದೊಡ್ಡಕ್ಕ. “ನೀನ್ ಫೇಲಾದ್ರೂ ಸರಿ ಅಂತ. ಅದು ತಿಳ್ಕೊ.”

“ಗೊತ್ತಿತ್ತು.”

“ಗೊತ್ತಿತ್ತಾ? ಮತ್ತೆ ಕರೆದಿದ್ದು ಯಾಕೆ, ಹೇಗಿದ್ರೂ ಬರ್ತಿದ್ನಲ್ಲ?”

“ಕೈ ಸಾಲ್ತಿರ್ಲಿಲ್ಲ,” ಎಂದಳು ಹುಡುಗಿ. ಬೇರೆ ಕಾರಣ ಅವಳಿಗೆ ಹೊಳೆಯಲಿಲ್ಲ.

ದೊಡ್ಡಕ್ಕ ನಲ್ಲಿ ನಿಲ್ಲಿಸಿದರು. ಆಮೇಲೆ ಬಲಗೈಯನ್ನು ಅವಳ ಮುಂದೆ ಚಾಚಿ, ಅದನ್ನು ಪೂರ್ತಿ ಅವಳಿಗೆ ಬಿಟ್ಟರು. ಉಗುರಿನ ಗಾಯಕ್ಕೆ ಅವಳು ಮಧ್ಯದಿಂದ ಹೊರಗಡೆಗೆ ಒರೆಸಿದಳು, ಸಣ್ಣ ಪಟ್ಟಿ ಹಾಕಿದಳು. ಅಷ್ಟು ಹೊತ್ತೂ ಆ ಬೆರಳುಗಳು ಗಾಳಿಯಲ್ಲಿ ಏನನ್ನೂ ಮಾಡದೆ ಅವಳ ಅಂಗೈಯಲ್ಲಿ ವಿಶ್ರಾಂತವಾಗಿದ್ದವು.

“ಚೆಂದ ಇದೆ,” ಎಂದರು ದೊಡ್ಡಕ್ಕ.

ಸಂಜೆ ಥಿಯೇಟರಿನಿಂದ ಸುದ್ದಿ ಬಂತು: ಡ್ರೈವರ್ ಎಚ್ಚರವಾಗಿದ್ದಾನೆ, ಹ್ಯಾಂಡ್‌ಬ್ರೇಕು ಇಳಿಸಬಹುದೇ ಎಂದು ಕೇಳುತ್ತಿದ್ದಾನೆ.

ಮನೆಯಲ್ಲಿ ಅಮ್ಮ ಕಥೆಯನ್ನೆಲ್ಲ ಕೇಳಿದಳು. ಪಾಸು ಎಂಬಲ್ಲಿ ಕಣ್ಣು ಒರೆಸಿಕೊಂಡಳು. ಆಮೇಲೆ ಅವಳ ಮೂಗಿನ ಹೊಳ್ಳೆ ಅರಳಿತು.

“ಯಾರ್ ಹೊಲಿದಿದ್ದು ಅದನ್ನ?”

“ಸರ್ಜನ್ನು. ಅದು ಒಂದೊಂದ್ಸಲ ಬಿಟ್ಕೊಳ್ಳುತ್ತಮ್ಮ. ಅವರ ತಪ್ಪಲ್ಲ.”

“ನಾನು ಹೊಲಿದಿದ್ರೆ ಬಿಡ್ತಿರ್ಲಿಲ್ಲ,” ಎಂದಳು ಅಮ್ಮ, ಸಂಶಯಕ್ಕೆ ಎಡೆಯಿಲ್ಲದಂತೆ.

ಹುಡುಗಿ ನಗುತ್ತ ಬೀನ್ಸು, ಹಲಗೆ, ಚಾಕು ತಂದು ಯಂತ್ರದ ಪಕ್ಕದ ನೆಲದಲ್ಲಿ ಕೂತಳು. ಹೆಚ್ಚತೊಡಗಿದಳು. ನಾಲ್ಕು ತುಂಡಾಗುವಷ್ಟರಲ್ಲಿ ಅಮ್ಮನ ಕೈ ಬಂತು.

“ಕೊಡಿ...”

“ಅಮ್ಮ,” ಎಂದಳು ಹುಡುಗಿ, ತಲೆ ಎತ್ತದೆ. “ಕೈ ಸಾಲ್ದೇ ಹೋದ್ರೆ ನಾನೇ ಕರೀತೀನಿ.”

ಕೈ ಗಾಳಿಯಲ್ಲೇ ನಿಂತಿತು. ಅದನ್ನು ಎಲ್ಲಿ ಇಡಬೇಕೆಂದು ಅಮ್ಮನಿಗೆ ತಿಳಿಯಲಿಲ್ಲ. ಸೊಂಟದ ಮೇಲೆ ಇಟ್ಟಳು, ತೆಗೆದಳು. ಸೆರಗಿನಲ್ಲಿ ಸುತ್ತಿದಳು, ಬಿಚ್ಚಿದಳು. ಕೊನೆಗೆ ಆ ಸಣ್ಣ ಸ್ಟೂಲನ್ನು ಎಳೆದುಕೊಂಡು, ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು, ಅವುಗಳ ಮೇಲೆ ಗಟ್ಟಿಯಾಗಿ ಕೂತಳು.

ಬೀನ್ಸು ಒಂದು ಗಿಡ್ಡ, ಒಂದು ಉದ್ದ. ಅಮ್ಮ ಉಸಿರು ಬಿಗಿಹಿಡಿದು ನೋಡುತ್ತಿದ್ದಳು.

“ದಪ್ಪ ಆಯ್ತು ಕಣೆ ಅದು,” ಎಂದಳು ತಡೆಯಲಾರದೆ.

“ಹೌದಮ್ಮ,” ಎಂದು ಹುಡುಗಿ ಮುಂದಿನದನ್ನು ಎತ್ತಿಕೊಂಡಳು.